ಮುಂದೆ ಚಳಿ, ಹಿಂದೆ ಸೆಕೆ: ಹಳೇ ಗಾಡಿಯ ಎಸಿ ಒಂದೇ ಸಮ ತಂಪು ಕೊಡದಿದ್ದರೆ ಮೊದಲು ಏನು ನೋಡಬೇಕು?

ಮಾರ್ಚ್ ಮುಗಿಯೋ ಹೊತ್ತಿಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಬಿಸಿಲು ಏರುತ್ತೆ. ಅದೇ ಟೈಮಿಗೆ ಮದುವೆ, ಗೃಹಪ್ರವೇಶ, ಮಂತ್ರಾಲಯ, ಧರ್ಮಸ್ಥಳ ಅಂತ ಓಡಾಟವೂ ಶುರು. ಮನೆಯಲ್ಲಿರೋ ಹಳೇ ಇನ್ನೋವಾ, ಟವೇರಾ, ಝೈಲೋ ಅಥವಾ ಎರ್ಟಿಗಾದಲ್ಲಿ ಏಳೆಂಟು ಜನ ಕೂತು ಹೊರಟರೆ ಅರ್ಧ ಗಂಟೆಯಲ್ಲಿ ಜಗಳ. ಮುಂದೆ ಕೂತವರು "ಎಸಿ ಕಮ್ಮಿ ಮಾಡಿ, ಕೈ ಮರಗಟ್ಟುತ್ತಿದೆ" ಅಂತಾರೆ, ಹಿಂದಿನ ಸೀಟಿನ ಅಜ್ಜಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ತಿರ್ತಾರೆ. ಕೆಲವು ಗಾಡಿಗಳಲ್ಲಿ ಡ್ರೈವರ್ ಕಡೆ ತಂಪು, ಪಕ್ಕದ ಸೀಟಿಗೆ ಬಿಸಿಗಾಳಿ. ಇನ್ನು ಕೆಲವು ಹೈವೇಯಲ್ಲಿ ಫಸ್ಟ್ ಕ್ಲಾಸ್, ಟೋಲ್‌ ಹತ್ತಿರ ನಿಂತ ತಕ್ಷಣ ಒಲೆ.

ಇದಕ್ಕೆ ಬಹಳಷ್ಟು ಜನ ಮಾಡೋ ಕೆಲಸ ಒಂದೇ: ಗ್ಯಾರೇಜಿಗೆ ಹೋಗಿ ಗ್ಯಾಸ್ ಹಾಕಿಸೋದು. ಎರಡು ವಾರ ತಂಪಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ. ಪ್ರತಿ ಬೇಸಿಗೆ ದುಡ್ಡು ಹೋಗುತ್ತೆ, ರೋಗ ಹಾಗೇ ಉಳಿಯುತ್ತೆ. ಆದರೆ ಎಸಿ ಯಾವ ಕಡೆ, ಯಾವ ಹೊತ್ತಲ್ಲಿ ಸೋಲುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಅದನ್ನ ಮನೆ ಮುಂದೆ ನಿಂತೇ ಪತ್ತೆ ಮಾಡಬಹುದು. ಹೇಗೆ ಅಂತ ಇಲ್ಲಿದೆ.

ಮೊದಲು ಎಸಿ ಕೆಲಸ ಮಾಡೋದು ಹೇಗೆ ಅಂತ ಎರಡು ಮಾತು

ಎಂಜಿನ್ ಬೆಲ್ಟ್‌ನಿಂದ ಕಂಪ್ರೆಸರ್ ತಿರುಗುತ್ತೆ. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದಿನ ಗ್ರಿಲ್ ಹಿಂದಿರೋ ಕಂಡೆನ್ಸರ್‌ಗೆ ಕಳಿಸುತ್ತೆ. ಅಲ್ಲಿ ಹೊರಗಿನ ಗಾಳಿ ಬಡಿದು ಬಿಸಿ ಹೊರಗೆ ಹೋಗಿ ಗ್ಯಾಸ್ ದ್ರವ ಆಗುತ್ತೆ. ಆ ದ್ರವ ಎಕ್ಸ್‌ಪಾನ್ಷನ್ ವಾಲ್ವ್ ಅನ್ನೋ ಸಣ್ಣ ತೂತಿನಿಂದ ಕೂಲಿಂಗ್ ಕಾಯಿಲ್ ಒಳಗೆ ಚಿಮ್ಮಿದಾಗ ಕುದಿದು ಆವಿಯಾಗಿ ಕಾಯಿಲನ್ನು ತಣ್ಣಗೆ ಮಾಡುತ್ತೆ. ಬ್ಲೋವರ್ ಆ ಕಾಯಿಲ್ ಮೇಲೆ ಗಾಳಿ ಊದಿದರೆ ನಿಮ್ಮ ಮುಖಕ್ಕೆ ತಂಪು.

ಮೂರು ಸಾಲು ಸೀಟಿನ ಹಲವು ಗಾಡಿಗಳಲ್ಲಿ ಕಂಪ್ರೆಸರ್ ಒಂದೇ, ಕಂಡೆನ್ಸರ್ ಒಂದೇ, ಆದರೆ ಕೂಲಿಂಗ್ ಕಾಯಿಲ್ ಎರಡು. ಒಂದು ಡ್ಯಾಶ್‌ಬೋರ್ಡ್ ಒಳಗೆ, ಇನ್ನೊಂದು ಹಿಂದಿನವರಿಗೆ. ಎರಡಕ್ಕೂ ಬೇರೆ ಬೇರೆ ಬ್ಲೋವರ್, ಬೇರೆ ಬೇರೆ ವಾಲ್ವ್. ಅಂದರೆ ಒಂದೇ ಬೋರ್‌ವೆಲ್‌ನಿಂದ ಎರಡು ತೋಟಕ್ಕೆ ನೀರು ಬಿಟ್ಟ ಹಾಗೆ. ನೀರು ಕಮ್ಮಿಯಾದರೆ ಒಂದು ತೋಟ ಮೊದಲು ಒಣಗುತ್ತೆ.

ಇನ್ನೊಂದು ಮುಖ್ಯ ವಿಷಯ: ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತೆ. ರಬ್ಬರ್ ಹೋಸ್, ಸೀಲ್‌ಗಳಿಂದ ವರ್ಷಗಟ್ಟಲೆ ಅವಧಿಯಲ್ಲಿ ಚೂರು ಚೂರು ಸೋರೋದು ಸಹಜ. ಆದರೆ ಪ್ರತಿ ವರ್ಷ ಖಾಲಿ ಆಗ್ತಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ.

ಹತ್ತು ನಿಮಿಷದ ಮನೆ ಪರೀಕ್ಷೆ

ಬೇಕಾಗೋದು ಒಂದು ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್. ಜ್ವರ ನೋಡೋ ಥರ್ಮಾಮೀಟರ್ ಆಗಲ್ಲ, ಅದು ಅಷ್ಟು ಕೆಳಗಿನ ಡಿಗ್ರಿ ತೋರಿಸಲ್ಲ. ಅಡುಗೆಗೆ ಬಳಸೋದು ಸಾಕು.

1. ಗಾಡಿಯನ್ನ ನೆರಳಿನಲ್ಲಿ, ಬಯಲು ಜಾಗದಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿಡಿ.
2. ಎರಡು ನಿಮಿಷ ಗ್ಲಾಸ್ ಇಳಿಸಿ ಒಳಗಿನ ಬಿಸಿ ಹೊರಗೆ ಬಿಡಿ. ಆಮೇಲೆ ಎಲ್ಲಾ ಮುಚ್ಚಿ.
3. ಎಸಿ ಆನ್, ಟೆಂಪರೇಚರ್ ನಾಬ್ ಪೂರ್ತಿ ನೀಲಿ ಕಡೆ, ಒಳಗಿನ ಗಾಳಿಯನ್ನೇ ತಿರುಗಿಸೋ ರೀಸರ್ಕ್ಯುಲೇಷನ್ ಆನ್. ಹಿಂದಿನ ಬ್ಲೋವರೂ ಆನ್.
4. ಒಬ್ಬರು ಆಕ್ಸಿಲರೇಟರ್ ಒತ್ತಿ ಎಂಜಿನ್ ಸುಮಾರು 1500 ಆರ್‌ಪಿಎಂನಲ್ಲಿ ಹಿಡಿದಿರಲಿ. ಹತ್ತು ನಿಮಿಷ ಬಿಡಿ.
5. ಡ್ಯಾಶ್‌ಬೋರ್ಡ್‌ನ ಪ್ರತಿ ವೆಂಟ್, ಆಮೇಲೆ ಹಿಂದಿನ ಪ್ರತಿ ವೆಂಟ್‌ನಲ್ಲಿ ಕಡ್ಡಿ ಇಟ್ಟು ಡಿಗ್ರಿ ಬರೆದುಕೊಳ್ಳಿ.
6. ಕೊನೆಗೆ ಆಕ್ಸಿಲರೇಟರ್ ಬಿಟ್ಟು ಐದು ನಿಮಿಷ ಐಡಲ್‌ನಲ್ಲಿಟ್ಟು ಮತ್ತೆ ಬರೆದುಕೊಳ್ಳಿ.

ಹೊರಗಿನ ಬಿಸಿಲು, ಗಾಡಿ, ಸೆಕೆ ನೋಡಿಕೊಂಡು ಡಿಗ್ರಿ ಹೆಚ್ಚು ಕಮ್ಮಿ ಆಗುತ್ತೆ. ಹಾಗಾಗಿ ಒಂದು ವೆಂಟ್‌ ಎಷ್ಟಿದೆ ಅನ್ನೋದಕ್ಕಿಂತ ವೆಂಟ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಡ್ಯಾಶ್‌ಬೋರ್ಡ್‌ನಲ್ಲೇ ಎಡಕ್ಕೂ ಬಲಕ್ಕೂ 5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಏನೋ ತೊಂದರೆ ಇದೆ ಅಂತ ತಿಳಿಯಿರಿ. ಡಿಗ್ರಿ ಜೊತೆಗೆ ಗಾಳಿಯ ಜೋರು ಹೇಗಿದೆ ಅಂತಲೂ ಬರೆಯಿರಿ. "ಗಾಳಿ ಜೋರಿದೆ, ತಂಪಿಲ್ಲ" ಮತ್ತು "ತಂಪಿದೆ, ಗಾಳಿ ಇಲ್ಲ" ಇವೆರಡು ಪೂರ್ತಿ ಬೇರೆ ರೋಗ.

ಎಡ-ಬಲ ವ್ಯತ್ಯಾಸ ಇದ್ದರೆ

ಗ್ಯಾಸ್ ಕಮ್ಮಿ ಇರೋದು ಒಂದು ಸಾಮಾನ್ಯ ಕಾರಣ. ಗ್ಯಾಸ್ ಸಾಲದಿದ್ದಾಗ ಅದು ಕಾಯಿಲ್‌ನ ಒಂದು ತುದಿಯಲ್ಲೇ ಕುದಿದು ಮುಗಿದುಹೋಗುತ್ತೆ, ಇನ್ನೊಂದು ತುದಿ ಬೆಚ್ಚಗೇ ಉಳಿಯುತ್ತೆ. ಹಾಗಾಗಿ ಒಂದು ಕಡೆ ವೆಂಟ್ ತಂಪು, ಇನ್ನೊಂದು ಕಡೆ ಅರ್ಧಂಬರ್ಧ. ಯಾವ ಕಡೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ.

ಎರಡನೇ ಕಾರಣ ಹೀಟರ್. ಎಂಜಿನ್‌ನ ಬಿಸಿನೀರು ಹೀಟರ್ ಕಾಯಿಲ್‌ಗೆ ಹೋಗುತ್ತೆ. ನಾಬ್ ನೀಲಿ ಕಡೆ ಇದ್ದಾಗ ಒಂದು ಬಾಗಿಲು ಆ ಬಿಸಿಯನ್ನು ಮುಚ್ಚಬೇಕು. ಹಳೇ ಗಾಡಿಯಲ್ಲಿ ನಾಬ್‌ನಿಂದ ಬಾಗಿಲಿಗೆ ಹೋಗೋ ಕೇಬಲ್ ಕ್ಲಿಪ್ ಬಿಟ್ಟುಕೊಂಡಿರುತ್ತೆ, ಇಲ್ಲ ಬಾಗಿಲು ಅರ್ಧಕ್ಕೇ ನಿಂತಿರುತ್ತೆ. ಇದನ್ನ ಕಂಡುಹಿಡಿಯೋದು ಸುಲಭ: ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಎಸಿ ಚೆನ್ನಾಗಿದ್ದು, ಎಂಜಿನ್ ಬಿಸಿಯಾದಂತೆ ತಂಪು ಇಳಿದು, ಗಾಳಿ ಮಾತ್ರ ಅಷ್ಟೇ ಜೋರಾಗಿದ್ದರೆ ಹೀಟರ್ ಮೇಲೆ ಅನುಮಾನ ಪಡಿ. ಇದಕ್ಕೆ ಎಷ್ಟು ಗ್ಯಾಸ್ ಹಾಕಿಸಿದರೂ ಪ್ರಯೋಜನ ಇಲ್ಲ.

ಮೂರನೇದು ಹೊಸ ಸ್ಟೀರಿಯೋ. ಹಳೇ ಗಾಡಿಗೆ ದೊಡ್ಡ ಟಚ್ ಸ್ಕ್ರೀನ್ ಹಾಕಿಸುವಾಗ ಡ್ಯಾಶ್‌ಬೋರ್ಡ್ ಬಿಚ್ಚುತ್ತಾರೆ. ವಾಪಸ್ ಹಾಕುವಾಗ ಹಿಂದಿರೋ ಪ್ಲಾಸ್ಟಿಕ್ ಗಾಳಿ ಡಕ್ಟ್ ಸರಿಯಾಗಿ ಕೂರದಿದ್ದರೆ ತಂಪು ಗಾಳಿ ಡ್ಯಾಶ್‌ಬೋರ್ಡ್ ಒಳಗೇ ಸೋರಿಹೋಗುತ್ತೆ. ಸ್ಟೀರಿಯೋ ಹಾಕಿಸಿದ ಮೇಲೆ ಈ ತೊಂದರೆ ಶುರುವಾಯ್ತಾ ಅಂತ ನೆನಪು ಮಾಡಿಕೊಳ್ಳಿ.

ಮುಂದೆ ತಂಪು, ಹಿಂದೆ ಬಿಸಿ ಇದ್ದರೆ

ಗ್ಯಾರೇಜಿಗೆ ಹೋಗೋ ಮುಂಚೆ ಸುಲಭದ್ದು ನೋಡಿ. ಹಿಂದಿನ ಬ್ಲೋವರ್ ಸ್ವಿಚ್ ಆನ್ ಇದೆಯಾ? ಎಷ್ಟೋ ಗಾಡಿಗಳಲ್ಲಿ ಅದರ ಮೇನ್ ಸ್ವಿಚ್ ಮುಂದೆ ಡ್ರೈವರ್ ಹತ್ತಿರ ಇರುತ್ತೆ, ಸ್ಪೀಡ್ ಸ್ವಿಚ್ ಹಿಂದೆ. ಹಿಂದಿನ ಯುನಿಟ್ ಗಾಳಿ ಎಳೆದುಕೊಳ್ಳೋ ಜಾಲರಿಗೆ ಬ್ಯಾಗ್, ದಿಂಬು, ಅಂಗಡಿ ಸಾಮಾನಿನ ಬಾಕ್ಸ್ ಅಡ್ಡ ಇದೆಯಾ? ವಾರವೆಲ್ಲ ಗಾಡಿಯಲ್ಲಿ ಮಾಲು ತುಂಬಿ ಭಾನುವಾರ ಮನೆಯವರನ್ನ ಕೂರಿಸೋ ಅಂಗಡಿಯವರು ಇದನ್ನ ತಪ್ಪದೆ ನೋಡಬೇಕು. ಜಾಲರಿಗೆ ಧೂಳು, ಗೋಣಿಚೀಲದ ಎಳೆ ಮೆತ್ತಿಕೊಂಡಿರುತ್ತೆ.

ಆಮೇಲೆ ಈ ಪರೀಕ್ಷೆ ಮಾಡಿ. ಹಿಂದಿನ ಬ್ಲೋವರ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಮುಂದಿನ ವೆಂಟ್ ಡಿಗ್ರಿ ನೋಡಿ.

• ಹಿಂದೆ ಆಫ್ ಮಾಡಿದ ತಕ್ಷಣ ಮುಂದೆ ಬಹಳ ತಂಪಾಯ್ತು, ಆನ್ ಮಾಡಿದರೆ ಎರಡೂ ಕಡೆ ಸಪ್ಪೆ: ಒಟ್ಟು ವ್ಯವಸ್ಥೆಗೇ ಶಕ್ತಿ ಸಾಲುತ್ತಿಲ್ಲ. ಗ್ಯಾಸ್ ಕಮ್ಮಿ, ಕಂಡೆನ್ಸರ್ ಕೊಳೆ, ಬೆಲ್ಟ್ ಸಡಿಲ ಅಥವಾ ಕಂಪ್ರೆಸರ್ ಸವೆದಿರಬಹುದು.

• ಮುಂದೆ ಯಾವಾಗಲೂ ಒಳ್ಳೇ ತಂಪು, ಹಿಂದೆ ಗಾಳಿ ಜೋರಾಗೇ ಬರುತ್ತೆ ಆದರೆ ತಂಪೇ ಇಲ್ಲ: ಹಿಂದಿನ ಕಾಯಿಲ್‌ಗೆ ಗ್ಯಾಸ್ ಸರಿಯಾಗಿ ತಲುಪುತ್ತಿಲ್ಲ. ಹಿಂದಿನ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿರಬಹುದು.

• ಹಿಂದೆ ತಂಪಿದೆ, ಗಾಳಿಯೇ ಇಲ್ಲ: ಬ್ಲೋವರ್ ಮೋಟಾರ್, ಕಟ್ಟಿದ ಜಾಲರಿ ಅಥವಾ ಬಿಟ್ಟುಹೋದ ಡಕ್ಟ್.

• ಬ್ಲೋವರ್ ಕೊನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತೆ: ಸಾಮಾನ್ಯವಾಗಿ ಬ್ಲೋವರ್ ರೆಸಿಸ್ಟರ್ ಸುಟ್ಟಿರುತ್ತೆ. ಸಣ್ಣ ಪಾರ್ಟ್, ಇದಕ್ಕೆ ಮೋಟಾರ್ ಬದಲಿಸಬೇಕಾಗಿಲ್ಲ.

ಕೆಲವು ಗಾಡಿಗಳಲ್ಲಿ ಹಿಂದೆ ಬೇರೆ ಕಾಯಿಲ್ ಇರಲ್ಲ. ಮುಂದಿನ ತಂಪನ್ನೇ ಡಕ್ಟ್‌ನಲ್ಲಿ ಹಿಂದಕ್ಕೆ ತಳ್ಳುತ್ತೆ, ಇಲ್ಲ ಫ್ಯಾನ್ ಮಾತ್ರ ಇರುತ್ತೆ. ಅಂಥದ್ದರಲ್ಲಿ ಹಿಂದೆ ಮುಂದಿನಷ್ಟೇ ತಂಪು ಬರಲಿ ಅಂದರೆ ಬರಲ್ಲ. ನಿಮ್ಮದು ಯಾವ ಬಗೆ ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿ ಅಥವಾ ಮೆಕ್ಯಾನಿಕ್‌ ಹತ್ತಿರ ಕೇಳಿ. ಇಲ್ಲದ ವಾಲ್ವ್‌ಗೆ ದುಡ್ಡು ಕೊಡೋದು ತಪ್ಪುತ್ತೆ.

ಓಡಿದರೆ ತಂಪು, ನಿಂತರೆ ಬಿಸಿ ಇದ್ದರೆ

ಗಾಡಿ ಓಡುವಾಗ ಕಂಡೆನ್ಸರ್‌ಗೆ ತಾನಾಗೇ ಗಾಳಿ ಬಡಿಯುತ್ತೆ. ನಿಂತಾಗ ಫ್ಯಾನ್ ಆ ಕೆಲಸ ಮಾಡಬೇಕು. ಹಾಗಾಗಿ ಸಂತೆ ಬೀದಿ, ಸಿಗ್ನಲ್, ಟೋಲ್‌ನಲ್ಲಿ ಮಾತ್ರ ಬಿಸಿ ಅಂದರೆ ಮೊದಲು ಫ್ಯಾನ್ ನೋಡಿ. ಎಲೆಕ್ಟ್ರಿಕ್ ಫ್ಯಾನ್ ಇರೋ ಬಹಳಷ್ಟು ಗಾಡಿಗಳಲ್ಲಿ ಎಸಿ ಆನ್ ಮಾಡಿದ ಸ್ವಲ್ಪ ಹೊತ್ತಿನಲ್ಲಿ ಅದು ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವೈರ್, ಕೊನೆಗೆ ಮೋಟಾರ್ ಈ ಕ್ರಮದಲ್ಲಿ ಪರೀಕ್ಷೆ ಮಾಡಿಸಿ. ಬಾನೆಟ್ ಎತ್ತಿದಾಗ ಫ್ಯಾನ್ ಹತ್ತಿರ ಕೈ, ಟವೆಲ್, ಸೆರಗು ತರಬೇಡಿ. ನಿಂತ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಎಂಜಿನ್ ಬೆಲ್ಟ್‌ನಿಂದಲೇ ತಿರುಗೋ ಫ್ಯಾನ್ ಇರೋ ಹಳೇ ಡೀಸೆಲ್ ಗಾಡಿಗಳಲ್ಲಿ ಅದರ ವಿಸ್ಕಸ್ ಕಪ್ಲಿಂಗ್ ಸೋತಿರಬಹುದು.

ಫ್ಯಾನ್ ಸರಿ ಇದ್ದರೆ ಮುಂದಿನ ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಣ್ಣು ರಸ್ತೆ ಧೂಳು, ಹೈವೇ ಹುಳ, ಕಡ್ಡಿ, ಎಲೆ ಎಲ್ಲಾ ಸೇರಿ ಕಂಡೆನ್ಸರ್ ಮುಚ್ಚಿಹೋಗಿರುತ್ತೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಹತ್ತಿಯಂಥ ಧೂಳಿನ ಪದರ ಕೂತಿದ್ದರೆ ಎಂಜಿನ್ನೂ ಬಿಸಿಯಾಗುತ್ತೆ. ಎಂಜಿನ್ ಪೂರ್ತಿ ಆರಿದ ಮೇಲೆ ಮನೆಯ ಪೈಪಿನ ಸಾಧಾರಣ ನೀರಿನಲ್ಲಿ ನಿಧಾನ ತೊಳೆಯಿರಿ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹತ್ತಿರದಿಂದ ಹೊಡೆಸಬೇಡಿ, ಕಂಡೆನ್ಸರ್‌ನ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿ ಹೋಗೋ ದಾರಿಯೇ ಮುಚ್ಚುತ್ತೆ.

ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟ್ ಹತ್ತುತ್ತಾ ಎಸಿ ಏಕ್‌ದಂ ನಿಂತರೆ ಎಸಿಯನ್ನ ಬಯ್ಯೋ ಮುಂಚೆ ಎಂಜಿನ್ ಟೆಂಪರೇಚರ್ ಮುಳ್ಳು ನೋಡಿ. ಎಂಜಿನ್ ಅತಿಯಾಗಿ ಬಿಸಿಯಾದಾಗ ಕಂಪ್ರೆಸರ್ ಕಟ್ ಮಾಡೋ ವ್ಯವಸ್ಥೆ ಹಲವು ಗಾಡಿಗಳಲ್ಲಿದೆ. ಆಗ ರಿಪೇರಿ ಬೇಕಾಗಿರೋದು ಕೂಲಂಟ್, ರೇಡಿಯೇಟರ್‌ಗೆ.

ಮೊದಲು ತಂಪು, ಮುಕ್ಕಾಲು ಗಂಟೆ ಆದಮೇಲೆ ಗಾಳಿಯೇ ಇಲ್ಲ ಅಂದರೆ

ಬ್ಲೋವರ್ ಸದ್ದು ಕೇಳುತ್ತೆ, ಆದರೆ ವೆಂಟ್‌ನಿಂದ ಗಾಳಿ ಬರಲ್ಲ. ಕಾಯಿಲ್ ಮೇಲೆ ಐಸ್ ಕಟ್ಟಿದೆ ಅಂತ ಅರ್ಥ. ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಮಾತ್ರ ಹತ್ತು-ಹದಿನೈದು ನಿಮಿಷ ಓಡಿಸಿ. ಗಾಡಿ ಕೆಳಗೆ ನೀರು ಚೆನ್ನಾಗಿ ಸುರಿದು, ಮತ್ತೆ ಎಸಿ ಹಾಕಿದಾಗ ಸರಿಯಾದರೆ ಅನುಮಾನ ಖಚಿತ.

ಐಸ್‌ಗೆ ಮುಖ್ಯ ಕಾರಣ ಗಾಳಿ ಸಾಲದಿರೋದು. ಬಹಳಷ್ಟು ಗಾಡಿಗಳಲ್ಲಿ ಕ್ಯಾಬಿನ್ ಫಿಲ್ಟರ್ ಡ್ಯಾಶ್‌ಬೋರ್ಡ್‌ನ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಗ್ಲೋವ್ ಬಾಕ್ಸ್ ಬಿಚ್ಚಿದರೆ ಸ್ಕ್ರೂಡ್ರೈವರ್ ಕೂಡ ಇಲ್ಲದೆ ಕೈಗೆ ಸಿಗುವ ಗಾಡಿಗಳೂ ಇವೆ. ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ. ಒಳಗೆ ಇಲಿ ಕಾಟವೂ ಇರುತ್ತೆ. ಚಳ್ಳಕೆರೆ ಕಡೆ ಶೇಂಗಾ ಚೀಲದ ಪಕ್ಕ ರಾತ್ರಿಯೆಲ್ಲಾ ನಿಲ್ಲೋ ಗಾಡಿಗಳ ಬ್ಲೋವರ್ ಒಳಗೆ ಸಿಪ್ಪೆ, ಚಿಂದಿ ಬಟ್ಟೆ ಸೇರಿಕೊಂಡರೆ ಆಶ್ಚರ್ಯ ಇಲ್ಲ. ಫಿಲ್ಟರ್, ಬ್ಲೋವರ್ ಸ್ವಚ್ಛ ಇದ್ದೂ ಐಸ್ ಕಟ್ಟಿದರೆ ಕಾಯಿಲ್‌ನ ಟೆಂಪರೇಚರ್ ಸೆನ್ಸರ್ ಅಥವಾ ಥರ್ಮೋಸ್ಟಾಟ್ ನೋಡಿಸಬೇಕು. ಗ್ಯಾಸ್ ಸ್ವಲ್ಪ ಕಮ್ಮಿ ಇದ್ದಾಗಲೂ ಕಾಯಿಲ್‌ನ ಒಂದು ಮೂಲೆಯಲ್ಲಿ ಐಸ್ ಕಟ್ಟೋದುಂಟು.

ಮುಂದಿನ ಪಕ್ಕದ ಸೀಟಿನ ಕಾಲ ಕೆಳಗೆ ಮ್ಯಾಟ್ ಒದ್ದೆ ಆಗ್ತಿದ್ದರೆ ಕಾಯಿಲ್‌ನ ನೀರು ಹೊರಹೋಗೋ ಪೈಪ್ ಕಟ್ಟಿದೆ ಅಂತ. ಎಸಿ ಹಾಕಿದಾಗ ಗಾಡಿ ಕೆಳಗೆ ನೀರು ತೊಟ್ಟಿಕ್ಕೋದು ಆರೋಗ್ಯದ ಲಕ್ಷಣ, ಅದಕ್ಕೆ ಗಾಬರಿ ಬೇಡ.

ಬೆಳಿಗ್ಗೆ ತಂಪು, ಮಧ್ಯಾಹ್ನ ಕೈಕೊಡುತ್ತೆ ಅಂದರೆ

ಕಂಪ್ರೆಸರ್ ಮುಂದೆ ಮ್ಯಾಗ್ನೆಟ್ ಕ್ಲಚ್ ಇರುತ್ತೆ. ಎಸಿ ಆನ್ ಮಾಡಿದಾಗ "ಟಕ್" ಅಂತ ಹಿಡಿಯುತ್ತೆ. ವರ್ಷಗಟ್ಟಲೆ ಸವೆದು ನಡುವಿನ ಸಂದು ಜಾಸ್ತಿಯಾದರೆ ತಣ್ಣಗಿದ್ದಾಗ ಹಿಡಿಯುತ್ತೆ, ಬಿಸಿಯಾದಾಗ ಬಿಡುತ್ತೆ. ಇದಕ್ಕೂ ಗ್ಯಾಸ್‌ಗೂ ಸಂಬಂಧ ಇಲ್ಲ. ತುಂಬಾ ಸಲ ಸಂದು ಸರಿ ಮಾಡಿದರೆ ಅಥವಾ ಕ್ಲಚ್ ಮಾತ್ರ ಬದಲಿಸಿದರೆ ಮುಗಿಯುತ್ತೆ. ಪೂರ್ತಿ ಕಂಪ್ರೆಸರ್ ಹೋಗಿದೆ ಅಂದವರಿಗೆ "ಕ್ಲಚ್ ಚೆಕ್ ಮಾಡಿದ್ರಾ ಅಣ್ಣಾ?" ಅಂತ ಒಂದು ಸಲ ಕೇಳಿ.

ಹೊರಗಿನ ಗಾಳಿ ಎಳೆಯೋ ಬಾಗಿಲು ಮುಚ್ಚದೇ ಇದ್ದರೂ ಮಧ್ಯಾಹ್ನ ಸೋಲುತ್ತೆ. ಮುಂದಿನ ಲಾರಿಯ ಹೊಗೆ, ರಸ್ತೆ ಧೂಳು ವೆಂಟ್‌ನಿಂದ ಬರ್ತಿದ್ದರೆ ರೀಸರ್ಕ್ಯುಲೇಷನ್ ಬಾಗಿಲು ಸಿಕ್ಕಿಕೊಂಡಿದೆ. 40 ಡಿಗ್ರಿ ಗಾಳಿಯನ್ನೇ ಸತತ ತಣ್ಣಗೆ ಮಾಡೋದು ಹಳೇ ಎಸಿ ಕೈಲಿ ಆಗಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಈಗ ಓಡುತ್ತಿರೋ ಹಳೇ ಫ್ಯಾಮಿಲಿ ಗಾಡಿಗಳಲ್ಲಿ ಬಹಳಷ್ಟಕ್ಕೆ ಆರ್-134ಎ ಅನ್ನೋ ಗ್ಯಾಸ್. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಅಂತ ಬರೆದಿರುತ್ತೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಈ ಐದು ಮಾತು ಕೇಳಿ:

1. "ಹಳೇ ಗ್ಯಾಸ್ ಎಷ್ಟು ಉಳಿದಿತ್ತು?" ಮಷಿನ್‌ನಲ್ಲಿ ಹೊರತೆಗೆದು ತೂಕ ನೋಡಿದರೆ ಎಷ್ಟು ಸೋರಿದೆ ಅಂತ ಗೊತ್ತಾಗುತ್ತೆ.
2. "ಲೀಕ್ ಎಲ್ಲಿದೆ?" ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ ಅಥವಾ ಬಣ್ಣದ ಡೈ ಹಾಕಿ ಹುಡುಕಬೇಕು. ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ್ದರೆ ಅಲ್ಲೇ ಲೀಕ್ ಇರೋ ಸಾಧ್ಯತೆ ಜಾಸ್ತಿ. ಹಿಂದಿನ ಕಾಯಿಲ್‌ಗೆ ಗಾಡಿ ಕೆಳಗೆ ಹೋಗೋ ಪೈಪ್ ಇದ್ದರೆ ಅದನ್ನೂ ನೋಡಿಸಿ. ಕಲ್ಲು ಬಡಿದು, ತುಕ್ಕು ತಿಂದು ತೂತಾಗೋ ಜಾಗ ಅದು.
3. "ವ್ಯಾಕ್ಯೂಮ್ ಎಷ್ಟು ಹೊತ್ತು ಹಿಡಿದ್ರಿ?" ಹೊಸ ಗ್ಯಾಸ್ ಮುಂಚೆ ಕನಿಷ್ಠ ಅರ್ಧ ಗಂಟೆ ಹಿಡಿಯಬೇಕು. ಪೈಪಿನೊಳಗಿನ ಗಾಳಿ, ತೇವ ಹೋಗದಿದ್ದರೆ ವಾಲ್ವ್‌ನಲ್ಲಿ ನೀರು ಹೆಪ್ಪುಗಟ್ಟುತ್ತೆ.
4. "ತೂಕ ನೋಡಿ ಹಾಕಿದ್ರಾ?" ಜಾಸ್ತಿ ಗ್ಯಾಸ್ ಹಾಕಿದರೆ ಜಾಸ್ತಿ ತಂಪು ಅನ್ನೋದು ಸುಳ್ಳು. ಹೆಚ್ಚಾದರೆ ಒತ್ತಡ ಏರಿ ತಂಪು ಇಳಿಯುತ್ತೆ, ಕಂಪ್ರೆಸರ್ ಮೇಲೂ ಹೊರೆ.
5. "ಗೇಜ್ ತೋರಿಸಿ." ಎಂಜಿನ್ ಓಡುವಾಗ ಲೋ ಸೈಡ್ ಸುಮಾರು 25-45 ಪಿಎಸ್‌ಐ, ಹೈ ಸೈಡ್ ಬಿಸಿಲು ನೋಡಿಕೊಂಡು 150-250 ಆಸುಪಾಸು ಇರೋದು ವಾಡಿಕೆ. ಎರಡೂ ಕಮ್ಮಿ ಇದ್ದರೆ ಗ್ಯಾಸ್ ಕಮ್ಮಿ. ಲೋ ಜಾಸ್ತಿ, ಹೈ ಕಮ್ಮಿ ಇದ್ದರೆ ಕಂಪ್ರೆಸರ್ ಸವೆದಿರಬಹುದು. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ.

ಉಳಿದ ಗ್ಯಾಸನ್ನು "ಬುಸ್" ಅಂತ ಗಾಳಿಗೆ ಬಿಡೋದಕ್ಕೆ ಒಪ್ಪಬೇಡಿ. ಭೂಮಿಯನ್ನ ಬಿಸಿ ಮಾಡೋದರಲ್ಲಿ 1 ಕೆಜಿ ಆರ್-134ಎ, 100 ವರ್ಷದ ಲೆಕ್ಕದಲ್ಲಿ ಸುಮಾರು 1,430 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅಗ್ಗ ಅಂತ ಅಡುಗೆ ಗ್ಯಾಸ್ ಬಗೆಯದನ್ನು ಎಸಿಗೆ ತುಂಬಿಸಲೇಬೇಡಿ. ಲೀಕ್ ಆದರೆ ಬೆಂಕಿ ಹತ್ತುತ್ತೆ. ಗ್ಯಾಸಿನ ನಿಪ್ಪಲ್ ನೀವೇ ಒತ್ತಿ ನೋಡೋದೂ ಬೇಡ, ಚರ್ಮ, ಕಣ್ಣಿಗೆ ತಾಗಿದರೆ ಹಿಮ ಸುಟ್ಟ ಗಾಯ ಆಗುತ್ತೆ.

ರಿಪೇರಿ ಕ್ರಮ: ಅಗ್ಗದಿಂದ ದುಬಾರಿಗೆ

ಫಿಲ್ಟರ್ ಮತ್ತು ಜಾಲರಿ, ಆಮೇಲೆ ಕಂಡೆನ್ಸರ್ ತೊಳೆಯೋದು, ಬೆಲ್ಟ್, ಫ್ಯೂಸ್-ರಿಲೇ, ಹೀಟರ್ ಕೇಬಲ್, ರೆಸಿಸ್ಟರ್. ಇವೆಲ್ಲಾ ಸರಿ ಇದ್ದರೆ ಲೀಕ್ ಪರೀಕ್ಷೆ ಮತ್ತು ಗ್ಯಾಸ್. ಆಮೇಲೆ ವಾಲ್ವ್, ಕ್ಲಚ್, ಕಂಡೆನ್ಸರ್. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಕಾಯಿಲ್ ಬದಲಿಸೋದು, ಕಂಪ್ರೆಸರ್ ಬದಲಿಸೋದು ಕೊನೆಗೆ. ಈ ಕ್ರಮ ತಿರುಗಿಸಿ ಕಂಪ್ರೆಸರ್‌ನಿಂದ ಶುರು ಮಾಡಿದರೆ ಜೇಬು ಖಾಲಿ. ಒಂದೊಮ್ಮೆ ಕಂಪ್ರೆಸರ್ ಒಳಗೇ ಪುಡಿಯಾಗಿದ್ದರೆ ಲೈನ್ ತೊಳೆಸಿ ಡ್ರೈಯರ್ ಬದಲಿಸದೆ ಹೊಸದು ಹಾಕಿಸಬೇಡಿ. ಹಳೇ ಲೋಹದ ಚೂರು ಹೊಸದನ್ನೂ ತಿನ್ನುತ್ತೆ. ಬದಲಿಸಿದ ಹಳೇ ಪಾರ್ಟ್ ಕೇಳಿ ವಾಪಸ್ ಪಡೆಯಿರಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋರಿಗೂ ಇದೇ ಪರೀಕ್ಷೆ ಅನ್ವಯ. ವ್ಯಾಪಾರಕ್ಕೆ ಮುಂಚೆ ಹೊಸದಾಗಿ ಗ್ಯಾಸ್ ತುಂಬಿದ ಎಸಿ ಮೊದಲ ದಿನ ಚೆನ್ನಾಗೇ ಇರುತ್ತೆ. ಹಾಗಾಗಿ ಮಧ್ಯಾಹ್ನ ಹೋಗಿ, ಹಿಂದಿನ ಸೀಟಿನಲ್ಲೇ ಅರ್ಧ ಗಂಟೆ ಕೂತು ನೋಡಿ.

ಹಿಂದಿನ ಸೀಟಿನವರಿಗಾಗಿ

ರಿಪೇರಿ ಆಗೋವರೆಗೂ ಒಂದಷ್ಟು ಉಪಾಯ ಇವೆ. ಬಿಸಿಲಲ್ಲಿ ನಿಂತ ಗಾಡಿಯ ಗ್ಲಾಸ್ ಇಳಿಸಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಎಸಿ ಹಾಕಿ. ಮುಂದಿನ ಮಧ್ಯದ ವೆಂಟ್‌ಗಳನ್ನು ಮೇಲಕ್ಕೆ, ಹಿಂದಕ್ಕೆ ತಿರುಗಿಸಿ. ಸನ್‌ ಫಿಲ್ಮ್ ಹಾಕಿಸೋ ಮುಂಚೆ ನಿಯಮ ನೆನಪಿರಲಿ: ಮುಂದಿನ, ಹಿಂದಿನ ಗ್ಲಾಸಿನಲ್ಲಿ ಕನಿಷ್ಠ 70%, ಪಕ್ಕದ ಗ್ಲಾಸಿನಲ್ಲಿ 50% ಬೆಳಕು ಒಳಗೆ ಬರಲೇಬೇಕು.

ಗಾಡಿ ನಿಲ್ಲಿಸಿ, ಗ್ಲಾಸ್ ಮುಚ್ಚಿ, ಎಸಿ ಹಾಕಿಕೊಂಡು ಮಲಗೋದು ಮಾತ್ರ ಬೇಡ. ಸೈಲೆನ್ಸರ್ ತೂತಾದ ಹಳೇ ಗಾಡಿಯಲ್ಲಿ ವಿಷಾನಿಲ ಒಳಗೆ ಬಂದರೆ ವಾಸನೆಯೂ ಬರಲ್ಲ, ಎಚ್ಚರವೂ ಆಗಲ್ಲ. "ಎಸಿ ಇದೆಯಲ್ಲ" ಅಂತ ಮಕ್ಕಳನ್ನ, ವಯಸ್ಸಾದವರನ್ನ ಗಾಡಿಯಲ್ಲೇ ಬಿಟ್ಟು ಅಂಗಡಿಗೆ ಹೋಗಲೂಬೇಡಿ. ಎಸಿ ನಿಂತರೆ ಬಿಸಿಲಲ್ಲಿ ಗಾಡಿ ಕೆಲವೇ ನಿಮಿಷದಲ್ಲಿ ಕಾದ ಬಾಣಲೆ ಆಗುತ್ತೆ.

ಮುಂದೆ ಕೂತು ಗಾಡಿ ಓಡಿಸೋರಿಗೆ ಹಿಂದಿನ ಸೆಕೆ ಗೊತ್ತಾಗಲ್ಲ. ಮುಂದಿನ ಲಾಂಗ್ ಟ್ರಿಪ್‌ಗೆ ಹದಿನೈದು ದಿನ ಮುಂಚೆಯೇ ಒಂದು ಮಧ್ಯಾಹ್ನ ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು ಕೊನೇ ಸೀಟಿನಲ್ಲಿ ಕೂತು ನೋಡಿ. ಸೀಜನ್ ಶುರುವಾದ ಮೇಲೆ ಎಸಿ ಗ್ಯಾರೇಜ್‌ಗಳಲ್ಲಿ ಕ್ಯೂ ಇರುತ್ತೆ, ಅವಸರದಲ್ಲಿ ಗ್ಯಾಸ್ ತುಂಬಿ ಕಳಿಸ್ತಾರೆ. ಈಗಲೇ ಹೋದರೆ ಲೀಕ್ ಹುಡುಕೋದಕ್ಕೆ ಅವರಿಗೂ ಪುರುಸೊತ್ತು ಇರುತ್ತೆ.